ಕಲಬುರಗಿಯಲ್ಲಿ ಸಣ್ಣ ಮಗು ಇರುವ ಮನೆ: ಸಾವಯವ ದಿನಸಿಗೆ ಬಜೆಟ್ ಹೊಂದಿಸುವುದು ಹೇಗೆ?

ಎಲ್ಲವನ್ನೂ ಸಾವಯವವೇ ತರಬೇಡಿ. ಆ ದುಡ್ಡು ಸೊಪ್ಪು, ಬದನೆಕಾಯಿ, ಹಸಿಮೆಣಸಿನಕಾಯಿಗೆ ಇರಲಿ. ಜೋಳಕ್ಕೆ ಜಾಸ್ತಿ ಕೊಡುವುದು ಸುಮ್ನೆ ದಂಡ.

ಹುಳಕ್ಕೆ ಹೊಡೆಯುವ ಔಷಧಿ ಬಿದ್ದ ಭಾಗವನ್ನೇ ನಾವು ತಿನ್ನುತ್ತೇವಾ ಅನ್ನುವುದು ಮುಖ್ಯ. ಬದನೆಗೆ ಕಾಯಿಕೊರಕ ಹುಳದ ಕಾಟ. ಔಷಧಿ ಹೊಡೆದ ಕೆಲವೇ ದಿನಕ್ಕೆ ಕಿತ್ತು ಮಾರುವುದೂ ಉಂಟು, ಎಣ್ಣೆಗಾಯಿಗೆ ಸಿಪ್ಪೆ ಸಮೇತ ಬೀಳುತ್ತದೆ. ಪುಂಡಿಪಲ್ಯ, ಮೆಂತೆಯಲ್ಲೂ ಎಲೆಯನ್ನೇ ತಿನ್ನುವುದು ಅಲ್ವಾ? ಹಿಂಗಾರಿ ಬಿಳಿಜೋಳ ಹಾಗಲ್ಲ. ಕಪ್ಪು ಮಣ್ಣಿನಲ್ಲಿ ಉಳಿದ ತೇವದ ಮೇಲೆ ಬೆಳೆಯುತ್ತದೆ, ಔಷಧಿ ಕಡಿಮೆ. ತೊಗರಿಗೆ ಚೆನ್ನಾಗಿಯೇ ಹೊಡೆಯುತ್ತಾರೆ. ಆದರೆ ಕಾಳು ಕಾಯಿಯೊಳಗೆ ಇರುತ್ತದೆ, ಬೇಳೆ ಮಾಡುವಾಗ ಸಿಪ್ಪೆಯೂ ಹೋಗುತ್ತದೆ. ಜನವರಿ ಸುಗ್ಗಿಯಲ್ಲಿ ಪರಿಚಯದ ರೈತರಿಂದ ವರ್ಷದ ತೊಗರಿ ಒಮ್ಮೆಗೇ ತನ್ನಿ. ಅಲ್ಲಿ ಉಳಿದ ದುಡ್ಡು ಸೊಪ್ಪಿನ ಖರ್ಚಿಗೆ ಬರುತ್ತದೆ.