64 ಜಿಬಿ ಪೆನ್‌ಡ್ರೈವ್‌ನಲ್ಲಿ ಮ್ಯಾಪ್ ಫೈಲ್ ಕಾಣದಿದ್ದರೆ

ಇದು ಬಹುಶಃ ಪೆನ್‌ಡ್ರೈವ್ ಫಾರ್ಮ್ಯಾಟ್‌ನ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ರೀತಿಯ) ತೊಂದರೆ, ಕಾರಿನದ್ದಲ್ಲ. ಕಾರಿನ ನ್ಯಾವಿಗೇಷನ್ ಮ್ಯಾಪ್ ಅಪ್‌ಡೇಟ್ ಮಾಡಲು ವಿಂಡೋಸ್‌ನಲ್ಲಿ 64 ಜಿಬಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ, ಕಾರಿಗೆ ಹಾಕಿದರೆ ‘ಅಪ್‌ಡೇಟ್ ಫೈಲ್ ಇಲ್ಲ’ ಅಂತ ಬರುತ್ತದೆ ಅಂದಿರಿ. 32 ಜಿಬಿ ಮೀರಿದರೆ ವಿಂಡೋಸ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಇಲ್ಲವೇ ಎನ್‌ಟಿಎಫ್‌ಎಸ್ ಅನ್ನುವ ಫಾರ್ಮ್ಯಾಟ್ ಮಾಡುತ್ತದೆ. ಎಷ್ಟೋ ಕಾರುಗಳು ಓದುವುದು ಫ್ಯಾಟ್32 ಅನ್ನುವ ಫಾರ್ಮ್ಯಾಟ್ ಮಾತ್ರ.

ಮೊದಲು ಕಾರಿನ ಮ್ಯಾನ್ಯುಯಲ್ ನೋಡಿ, ಕೆಲವು ಮಾಡೆಲ್‌ಗೆ ಎಕ್ಸ್‌ಫ್ಯಾಟೇ ಬೇಕು. ಫ್ಯಾಟ್32 ಅಂತಿದ್ದರೆ ಸುಮ್ನೆ ಒಂದು 32 ಜಿಬಿ ಡ್ರೈವ್ ತಗೊಳ್ಳಿ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮ್ಯಾಪ್‌ನ ಜಿಪ್ ಫೈಲ್ ಬಿಚ್ಚಿ, ಒಳಗಿರುವುದನ್ನು ನೇರವಾಗಿ ಡ್ರೈವ್‌ಗೆ ಹಾಕಿ. ಇನ್ನೊಂದು ಫೋಲ್ಡರ್ ಮಾಡಬೇಡಿ, ಹೆಸರೂ ಬದಲಿಸಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಇಂಜಿನ್ ಚಾಲೂ ಇಟ್ಟು ಅಪ್‌ಡೇಟ್ ಕೊಡಿ, ಇಲ್ಲದಿದ್ದರೆ ಮಧ್ಯದಲ್ಲಿ ಬ್ಯಾಟರಿ ಇಳಿಯಬಹುದು. ಮುಚ್ಚಿದ ಶೆಡ್‌ನಲ್ಲಿ ಖಂಡಿತ ಬೇಡ, ಹೊಗೆ ಜೀವಕ್ಕೇ ಅಪಾಯ. ಬಳ್ಳಾರಿ ಬಿಸಿಲಿಗೆ ಸ್ಕ್ರೀನ್ ಕಾದು ಕೂರುತ್ತದೆ ಅಲ್ವಾ, ಹಾಗಾಗಿ ಬೆಳಿಗ್ಗೆ ಹೊತ್ತು, ಬಯಲಿನ ನೆರಳಲ್ಲಿ ಮಾಡಿ. ಮುಗಿಯುವವರೆಗೆ ಡ್ರೈವ್ ಕೀಳಬೇಡಿ.

ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಮ್ಯಾಪ್ ವರ್ಷನ್ ನೋಡಿ. ಹೊಸಪೇಟೆಯನ್ನೂ ಹುಡುಕಿ. ಅದು ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ. ಇನ್ನೂ ಬಳ್ಳಾರಿ ಜಿಲ್ಲೆ ಅಂತಲೇ ತೋರಿಸಿ, ವರ್ಷನ್ ಕೂಡ ಹಳೆಯದೇ ಇದ್ದರೆ ಅಪ್‌ಡೇಟ್ ಕೂತಿಲ್ಲ. ಆಗ ಚಾಸಿಸ್ ನಂಬರ್ ಕೊಟ್ಟು, ಈ ಫೈಲ್ ನಿಮ್ಮ ಕಾರಿನದ್ದೇನಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.