ಆರು ಶತಮಾನ ಬಾಳಿದ ಒಟ್ಟೋಮನ್ ಸಾಮ್ರಾಜ್ಯ ಕೊನೆಗೆ ಒಡೆದುಹೋದದ್ದೇಕೆ?

ಅದನ್ನು ಗಟ್ಟಿಯಾಗಿ ಹಿಡಿದಿಟ್ಟಿದ್ದ ವ್ಯವಸ್ಥೆಯೇ ಅದು ಒಡೆಯುವ ಗೆರೆಗಳನ್ನೂ ಎಳೆದಿತ್ತು, ಹಾಗಾಗಿ.

1300ರ ಸುಮಾರಿಗೆ ಇಂದಿನ ಟರ್ಕಿಯ ಅನಟೋಲಿಯಾದಲ್ಲಿ ಉಸ್ಮಾನನ ಪುಟ್ಟ ಸಂಸ್ಥಾನವಾಗಿ ಹುಟ್ಟಿದ ಈ ರಾಜ್ಯ 1453ರಲ್ಲಿ ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್ ಗೆದ್ದಿತು. ಗ್ರೀಕ್, ಅರ್ಮೇನಿಯನ್ ಕ್ರೈಸ್ತರು, ಯಹೂದಿಗಳು ತೆರಿಗೆ ಕಟ್ಟಿ ನಿಷ್ಠರಾಗಿದ್ದರೆ, ಅವರ ಮದುವೆ, ಆಸ್ತಿ, ಶಾಲೆಗಳನ್ನು ಅವರವರ ಧರ್ಮಗುರುಗಳೇ ನೋಡಿಕೊಳ್ಳುತ್ತಿದ್ದರು. ಈ ಸಮುದಾಯಗಳನ್ನು ‘ಮಿಲ್ಲೆತ್’ ಎನ್ನುತ್ತಿದ್ದರು. ಎಲ್ಲರೂ ಸಮಾನರಾಗಿರಲಿಲ್ಲ, ನಿಜ. ಆದರೂ 1492ರಲ್ಲಿ ಸ್ಪೇನ್ ಹೊರದಬ್ಬಿದ ಯಹೂದಿಗಳಲ್ಲಿ ಸಾವಿರಾರು ಜನರಿಗೆ ನೆಲೆ ಸಿಕ್ಕಿದ್ದು ಇಲ್ಲಿ.

19ನೇ ಶತಮಾನದಲ್ಲಿ ರಾಷ್ಟ್ರೀಯತೆಯ ಗಾಳಿ ಬೀಸಿದಾಗ, ತಮ್ಮದೇ ಚರ್ಚು, ಭಾಷೆ, ಮುಖಂಡರಿದ್ದ ಜನ ತಮ್ಮದೇ ದೇಶ ಬೇಕೆಂದರು. ರಷ್ಯಾದಂಥ ಶಕ್ತಿಗಳು ಬೆನ್ನಿಗೆ ನಿಂತವು. 1830ರಲ್ಲಿ ಗ್ರೀಸ್, 1878ರಲ್ಲಿ ಸರ್ಬಿಯಾ, ರೊಮೇನಿಯಾಗಳ ಸ್ವಾತಂತ್ರ್ಯಕ್ಕೆ ಮಾನ್ಯತೆ ಸಿಕ್ಕಿತು. ಮೊದಲ ಮಹಾಯುದ್ಧದ ಸೋಲಿನಲ್ಲಿ ಅರಬ್ ಪ್ರಾಂತ್ಯಗಳೂ ಹೋದವು; 1922ರಲ್ಲಿ ಸುಲ್ತಾನ ಪದವಿಯೇ ರದ್ದಾಯಿತು.