ಓದುಗರ ಪ್ರಶ್ನೆ: ರೋಮಿನ ಕಾಸು ಕೈಸೇರಿದ ಬಗೆ

(ರೋಮನ್ ನಾಣ್ಯ ಸಂಗ್ರಹದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದ ಲೇಖಕರು ಚಿತ್ರದುರ್ಗದ ಕಡೆಯವರು. ಬಹುಕಾಲದಿಂದ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿರುವ ನಿವೃತ್ತ ಫಾರ್ಮಸಿಸ್ಟ್. ಅವರ ಲೇಖನಕ್ಕೆ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಅವರೇ ಉತ್ತರಿಸಿದ್ದಾರೆ. – ಸಂ.)

ಪ್ರಶ್ನೆ: ನಿಮ್ಮ ಸಂಗ್ರಹದಲ್ಲಿ ನಿಮಗೆ ಅತ್ಯಂತ ಪ್ರಿಯವಾದ ನಾಣ್ಯಗಳು ಯಾವುವು? ಅವು ನಿಮಗೆ ದೊರೆತದ್ದು ಹೇಗೆ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನನ್ನಲ್ಲಿರುವ ನೂರಕ್ಕೂ ಮಿಕ್ಕಿದ ನಾಣ್ಯಗಳಲ್ಲಿ ಬಂಗಾರದ್ದು ಒಂದೂ ಇಲ್ಲ. ನೋಡಲು ಬಂದವರು ಮೆಚ್ಚಿ ಕೈಗೆತ್ತಿಕೊಳ್ಳುವ ನಾಣ್ಯಗಳು ಬೇರೆ, ನನಗೆ ಪ್ರಿಯವಾದವು ಬೇರೆ. ಮೊದಲನೆಯದು ನಾನು ಕೊಂಡ ಮೊತ್ತಮೊದಲ ನಾಣ್ಯವೇ. ಒಂದು ಭಾನುವಾರ ಮಳೆಯಿಂದ ತಪ್ಪಿಸಿಕೊಳ್ಳಲೆಂದು ಹೊಕ್ಕ ಸಭಾಭವನದಲ್ಲಿ ನಾಣ್ಯಮೇಳ ನಡೆಯುತ್ತಿತ್ತು. ಮೇಜೊಂದರ ಮೂಲೆಯಲ್ಲಿ, ಯಾವುದನ್ನೇ ಆರಿಸಿದರೂ ನಾಲ್ಕು ಪೌಂಡ್ ಎಂದು ಬರೆದಿಟ್ಟ ತಟ್ಟೆಯಲ್ಲಿ, ಹೆಬ್ಬೆರಳಿನ ಉಗುರಿಗಿಂತ ತುಸುವೇ ದೊಡ್ಡದಾದ ಕಂಚಿನ ಬಿಲ್ಲೆಯೊಂದು ಕಾಣಿಸಿತು. ಒಂದು ಬದಿಯಲ್ಲಿ ಶಿರಸ್ತ್ರಾಣ ಧರಿಸಿದ ರೋಮಾ ದೇವತೆ ಮತ್ತು 'ಉರ್ಬ್ಸ್ ರೋಮಾ', ಅಂದರೆ ರೋಮ್ ನಗರ, ಎಂಬ ಬರಹ. ಇನ್ನೊಂದು ಬದಿಯಲ್ಲಿ ಅವಳಿ ಶಿಶುಗಳಿಗೆ ಮೊಲೆಯೂಡುವ ಹೆಣ್ಣು ತೋಳ, ಅದರ ಮೇಲೆ ಎರಡು ನಕ್ಷತ್ರ. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರಿ.ಶ. 330ರಲ್ಲಿ ಹೊಸ ರಾಜಧಾನಿಯನ್ನು ಪ್ರತಿಷ್ಠಾಪಿಸಿದಾಗ ಆ ನಗರದ ಹೆಸರಿನಲ್ಲೊಂದು, ಹಳೆಯ ರೋಮಿನ ಹೆಸರಿನಲ್ಲೊಂದು ನಾಣ್ಯವನ್ನು ಹೊರಡಿಸಿದನು. ತೋಳದ ಕಾಲಡಿಯಲ್ಲಿ 'ಟಿ ಆರ್ ಪಿ' ಎಂಬ ಮೂರು ಅಕ್ಷರಗಳಿದ್ದವು. ಅದು ಟಂಕಸಾಲೆಯ ಗುರುತು, ಈಗಿನ ಜರ್ಮನಿಯ ಟ್ರಿಯರ್ ನಗರದ ಮೊದಲನೆಯ ಕಾರ್ಯಶಾಲೆಯದು, ಎಂದು ಮಾರುತ್ತಿದ್ದ ಮುದುಕರು ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು ಓದಿಸಿದರು. ಒಂದೂಮುಕ್ಕಾಲು ಸಾವಿರ ವರ್ಷದ ಹಿಂದೆ ಇದನ್ನು ಯಾವ ಊರಿನ ಯಾವ ಕೋಣೆಯಲ್ಲಿ ಅಚ್ಚೊತ್ತಿದರೆಂಬುದು ಅದರ ಮೈಮೇಲೆಯೇ ಬರೆದಿದೆ ಎಂದು ತಿಳಿದ ಆ ಗಳಿಗೆಯಲ್ಲಿ ನಾನು ಕೆಟ್ಟೆ ಎಂದು ನನ್ನ ಮನೆಯವರು ಈಗಲೂ ಹೇಳುತ್ತಾರೆ.

ಎರಡನೆಯದು ರೋಮನ್ ಸೇನಾನಿ ಮಾರ್ಕ್ ಆಂಟನಿಯ ಡಿನೇರಿಯಸ್, ಅಂದರೆ ರೋಮಿನ ಬೆಳ್ಳಿಯ ನಾಣ್ಯ. ಆಕ್ಟಿಯಂ ಕದನಕ್ಕೆ ಮುನ್ನ, ಕ್ರಿ.ಪೂ. 32–31ರಲ್ಲಿ, ತನ್ನ ಸೈನ್ಯಕ್ಕೆ ಸಂಬಳ ಬಟವಾಡೆ ಮಾಡಲು ಅವನು ಇವನ್ನು ಅಪಾರ ಸಂಖ್ಯೆಯಲ್ಲಿ ಹೊರಡಿಸಿದನು: ಒಂದೆಡೆ ಯುದ್ಧನೌಕೆ, ಇನ್ನೊಂದೆಡೆ ಎರಡು ಧ್ವಜಸ್ತಂಭಗಳ ನಡುವೆ ಗರುಡಧ್ವಜ, ಅದರ ಕೆಳಗೆ ಸೇನಾದಳದ ಸಂಖ್ಯೆ. ಬೆಳ್ಳಿಗೆ ತಾಮ್ರ ಬೆರೆಸಿದ್ದರಿಂದ ಇವು ಕೀಳು ನಾಣ್ಯಗಳೆಂದು ಹೆಸರಾದವು. ಆ ಅಪಕೀರ್ತಿಯೇ ಅವನ್ನು ಉಳಿಸಿತು. ಮುಂದೆ ಬೆಳ್ಳಿಯಲ್ಲಿ ಬೆರಕೆ ಹೆಚ್ಚಿದಂತೆಲ್ಲ ಜನರು ಹಳೆಯ ಒಳ್ಳೆಯ ನಾಣ್ಯಗಳನ್ನು ಕೂಡಿಟ್ಟರು, ಕರಗಿಸಿದರು; ಆಂಟನಿಯವನ್ನು ಮಾತ್ರ ಕರಗಿಸಿ ಪ್ರಯೋಜನವಿಲ್ಲವೆಂದು ಕೈಯಿಂದ ಕೈಗೆ ದಾಟಿಸುತ್ತಲೇ ಹೋದರು. ಇನ್ನೂರು ವರ್ಷಗಳ ನಂತರದ ನಿಧಿಗಳಲ್ಲಿಯೂ ಅವು ದೊರೆಯುತ್ತವೆ. ನನ್ನದಂತೂ ಎಷ್ಟು ಸವೆದಿದೆಯೆಂದರೆ ನೌಕೆಯ ಹುಟ್ಟುಗಳು ಬರಿಯ ಬಾಚಣಿಗೆಯ ಹಲ್ಲಿನಂತೆ ಉಳಿದಿವೆ. ದಳದ ಸಂಖ್ಯೆಯಲ್ಲಿ ಹತ್ತನ್ನು ಸೂಚಿಸುವ ಗುರುತಿನ ಮುಂದೆ ಇನ್ನೂ ಗೆರೆಗಳಿದ್ದವೋ ಇಲ್ಲವೋ ಎಂಬುದನ್ನು ಬೆಳಕನ್ನು ಎಷ್ಟು ಓರೆಯಾಗಿ ಹಿಡಿದರೂ ನಿರ್ಧರಿಸಲಾಗುವುದಿಲ್ಲ. ಹಿಂಬದಿಯ ಅಂಚಿನಲ್ಲಿ ಅರೆಚಂದ್ರದಂತಹ ಸಣ್ಣ ತಗ್ಗಿದೆ. ಒಳಗೆ ತಾಮ್ರವಿದೆಯೇ ಎಂದು ಪರೀಕ್ಷಿಸಲು ಆ ಕಾಲದ ಚಿನಿವಾರನೊಬ್ಬನು ಒತ್ತಿದ ಮುದ್ರೆ ಅದು. ಇದು ನಮ್ಮ ನಾಣ್ಯಸಂಘದ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಮಗಳು ಸದಸ್ಯರಿಗೆ ಮಾರಿದ ಸಂಗ್ರಹದಿಂದ ಬಂದದ್ದು. ಚೆನ್ನಾಗಿದ್ದವನ್ನೆಲ್ಲ ಇತರರು ಆರಿಸಿಕೊಂಡಾಗಿತ್ತು. ನಾಣ್ಯದೊಂದಿಗೆ ಹಿರಿಯರು ಕೈಯಾರೆ ಬರೆದ, ಬೆಂಕಿಪೊಟ್ಟಣದಗಲದ ಚೀಟಿಯೊಂದಿತ್ತು: ಕೊಂಡ ವರ್ಷ 1961, ತೂಕ, ಕೊಟ್ಟ ಬೆಲೆ, ಕೊನೆಯಲ್ಲಿ 'ತೀರ ಸವೆದಿದೆ, ಆದರೂ' ಎಂಬ ಅರ್ಧ ವಾಕ್ಯ. ಆ ಚೀಟಿಯಿಲ್ಲದೆ ನಾಣ್ಯವನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಮೂರನೆಯದು ವಿನಿಮಯದಲ್ಲಿ ಬಂದ, ಗ್ಯಾಲಿಯೀನಸ್ ಚಕ್ರವರ್ತಿಯ ಜಿಂಕೆಯ ನಾಣ್ಯ. ಸಾಮ್ರಾಜ್ಯವು ಎಲ್ಲ ದಿಕ್ಕಿನಿಂದಲೂ ಹರಿದುಹೋಗುತ್ತಿದ್ದ ಕ್ರಿ.ಶ. 267–268ರ ಸುಮಾರಿಗೆ ಅವನು ಡಯಾನಾ, ಅಪೊಲೊ, ಸೂರ್ಯ, ನೆಪ್ಚೂನ್ ಮೊದಲಾದ ದೇವತೆಗಳ ರಕ್ಷಣೆಯನ್ನು ಬೇಡಿ, ಒಬ್ಬೊಬ್ಬರಿಗೂ ಮೀಸಲಾದ ಪ್ರಾಣಿಯನ್ನು ನಾಣ್ಯದ ಮೇಲೆ ಅಚ್ಚೊತ್ತಿಸಿದನು. ಹವ್ಯಾಸಿಗಳು ಇದನ್ನು 'ಗ್ಯಾಲಿಯೀನಸ್‌ನ ಮೃಗಾಲಯ' ಎಂದು ಕರೆಯುತ್ತಾರೆ. ಆಗ ಬೆಳ್ಳಿಯೆಂದು ಚಲಾವಣೆಯಾಗುತ್ತಿದ್ದ ಈ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಇಲ್ಲ. ನನ್ನ ಜಿಂಕೆಯ ಕೊಂಬುಗಳು ನಾಣ್ಯದ ಹೊರಗೇ ಉಳಿದಿವೆ, ಏಕೆಂದರೆ ಅಚ್ಚು ಓರೆಯಾಗಿ ಬಿದ್ದಿದೆ.

ಪ್ರಶ್ನೆ: ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿದ್ದವೆಂದು ಶಾಲೆಯಲ್ಲಿ ಓದಿದ್ದೇವೆ. ಅವು ಯಾವ ಬಗೆಯವು? ನಿಮ್ಮಲ್ಲಿ ಅಂಥದ್ದು ಇದೆಯೇ? (ಹಿರಿಯೂರಿನ ನಿವೃತ್ತ ಶಿಕ್ಷಕಿಯೊಬ್ಬರು)

ಉತ್ತರ: ಈ ಪ್ರಶ್ನೆಗಾಗಿ ನಾನು ಕಾದಿದ್ದೆ, ಮೇಡಂ. ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿಯೂ ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಉತ್ಖನನ ನಡೆಸಿದರು. ಅಲ್ಲಿ ಸಾತವಾಹನರ ಕಾಲದ ನಾಣ್ಯಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ಡಿನೇರಿಯಸ್‌ಗಳು ದೊರೆತವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿಯ ನಾಣ್ಯಗಳ ನಿಧಿ ಸಿಕ್ಕಿತು, 1965ರಲ್ಲಿ ಎಚ್.ಎ.ಎಲ್. ಪ್ರದೇಶದಲ್ಲಿ 256 ನಾಣ್ಯಗಳು ಸಿಕ್ಕವು. ದಕ್ಷಿಣ ಭಾರತದಲ್ಲಿ ಹೀಗೆ ದೊರೆತ ಬೆಳ್ಳಿಯ ನಾಣ್ಯಗಳಲ್ಲಿ ಎರಡೇ ಬಗೆಯವು ಬಹುಪಾಲು. ಒಂದರಲ್ಲಿ ಆಗಸ್ಟಸ್‌ನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿಗಳನ್ನು ನಡುವೆ ಇಟ್ಟುಕೊಂಡು ನಿಂತಿದ್ದಾರೆ. ಇನ್ನೊಂದರಲ್ಲಿ ಒಂದು ಬದಿಗೆ ಟೈಬೀರಿಯಸ್‌ನ ತಲೆ, ಮತ್ತೊಂದು ಬದಿಗೆ ಕೈಯಲ್ಲಿ ಕೊಂಬೆ ಹಿಡಿದು ಕುಳಿತ ಸ್ತ್ರೀ, ಸುತ್ತಲೂ 'ಪೊಂಟಿಫ್ ಮ್ಯಾಕ್ಸಿಮ್', ಅಂದರೆ ಮಹಾಪುರೋಹಿತ, ಎಂಬ ಬಿರುದು. ಎರಡೂ ಫ್ರಾನ್ಸಿನ ಲಿಯೋನ್‌ನಲ್ಲಿ, ಅಂದಿನ ಲುಗ್ದುನಮ್‌ನಲ್ಲಿ, ಟಂಕಿತವಾದವು. ಬೈಬಲ್ಲಿನಲ್ಲಿ ಯೇಸುವಿನ ಮುಂದೆ ಹಿಡಿದ ಕಂದಾಯದ ನಾಣ್ಯ ಇದೇ ಟೈಬೀರಿಯಸ್‌ನದು ಎಂಬ ನಂಬಿಕೆಯಿಂದಾಗಿ ಪಶ್ಚಿಮದ ಸಂಗ್ರಾಹಕರಲ್ಲಿ ಇದಕ್ಕೆ ಬೇಡಿಕೆ ಹೆಚ್ಚು, ಬೆಲೆಯೂ ಹೆಚ್ಚು.

ಇವೇ ಏಕೆ ಬಂದವು? ನಮ್ಮ ವರ್ತಕರು ನಾಣ್ಯವನ್ನು ಬೆಳ್ಳಿಯಾಗಿಯೇ ನೋಡುತ್ತಿದ್ದರು ಎಂಬುದು ಒಪ್ಪತಕ್ಕ ಕಾರಣ. ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್‌ನ ತೂಕವನ್ನು ಒಂದು ರೋಮನ್ ಪೌಂಡಿನ 84ನೆಯ ಒಂದು ಭಾಗದಿಂದ 96ನೆಯ ಒಂದು ಭಾಗಕ್ಕೆ ಇಳಿಸಿದನು, ಬೆಳ್ಳಿಯನ್ನೂ ಕಲಬೆರಕೆ ಮಾಡಿದನು. ಅನಂತರದ ಬೆಳ್ಳಿಯ ನಾಣ್ಯಗಳು ನಮ್ಮ ಕಡೆ ಅಪರೂಪ. ಮೆಣಸು, ಮುತ್ತು, ನೂಲಿನ ಬಟ್ಟೆಗಳಿಗಾಗಿ ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆದುಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೋಳಾಡಿದ್ದೂ ಆ ಶತಮಾನದಲ್ಲಿಯೇ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ಲೆಕ್ಕ ನೀವೇ ಹಾಕಿಕೊಳ್ಳಬಹುದು. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1898ರಲ್ಲಿ ದೊರೆತ 501 ಬಂಗಾರದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಗೀಟು ಎಳೆಯಲಾಗಿದೆ. ನಾಣ್ಯವಾಗಿ ಇದರ ಆಯುಷ್ಯ ಮುಗಿಯಿತು, ಇನ್ನು ಇದು ಬರಿಯ ಬಂಗಾರ ಎಂಬ ಗುರುತಾಗಿರಬೇಕು ಅದು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಬಂಗಾರದ ನಾಣ್ಯಗಳಲ್ಲಿ ಬಹುಪಾಲು ಇನ್ನೂ ಈಚಿನವು, ಬೈಜಾಂಟೈನ್ (ಪೂರ್ವ ರೋಮನ್) ಚಕ್ರವರ್ತಿಗಳ ಕಾಲದವು.

ನನ್ನಲ್ಲಿರುವುದು ಟೈಬೀರಿಯಸ್‌ನದು, 3.71 ಗ್ರಾಂ. ಹರಾಜಿನಲ್ಲಿ ಮೂರು ಸಲ ಸೋತು ನಾಲ್ಕನೆಯ ಸಲ ಗೆದ್ದದ್ದು. ಅದು ಭಾರತದಿಂದ ಹೋದದ್ದಲ್ಲ. 1958ರಿಂದ ಯೂರೋಪಿನ ಸಂಗ್ರಹಗಳಲ್ಲಿಯೇ ಇತ್ತೆಂಬುದಕ್ಕೆ ಎರಡು ಹಳೆಯ ಚೀಟಿಗಳಿವೆ. ಇದರ ಜೊತೆಯದೇ ಇನ್ನೊಂದು, ಅದೇ ಊರಿನ ಟಂಕಸಾಲೆಯಿಂದ ಹೊರಟು, ನಾನು ಹುಡುಗನಾಗಿ ಈಜಿದ ಕೆರೆಯ ದಂಡೆಯ ಮಣ್ಣಿನಲ್ಲಿ ಎರಡು ಸಾವಿರ ವರ್ಷ ಮಲಗಿತ್ತಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ನಾಣ್ಯದ ಮೇಲೆ ಇಸವಿಯಿಲ್ಲದಿದ್ದರೆ ಕಾಲವನ್ನು ಹೇಗೆ ತಿಳಿಯುವುದು? (ಧಾರವಾಡದ ವಿದ್ಯಾರ್ಥಿಯೊಬ್ಬರು)

ಉತ್ತರ: ಚಕ್ರವರ್ತಿಯ ಬಿರುದುಗಳಿಂದ. 'ಟಿ ಆರ್ ಪಿ' ಎಂಬುದು ಟ್ರಿಬ್ಯೂನ್ ಅಧಿಕಾರ, ಅಂದರೆ ಚಕ್ರವರ್ತಿ ಹೊಂದಿರುತ್ತಿದ್ದ ಜನಪ್ರತಿನಿಧಿಯ ಅಧಿಕಾರ. ಅದು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತಿತ್ತು. ಮಾರ್ಕಸ್ ಔರೇಲಿಯಸ್‌ನ ನಾಣ್ಯದಲ್ಲಿ ಅದರ ಮುಂದೆ 33 ಎಂದಿದ್ದರೆ 178ರ ಡಿಸೆಂಬರಿನಿಂದ 179ರ ಡಿಸೆಂಬರಿನೊಳಗೆ ಅಚ್ಚಾದದ್ದು ಎಂದರ್ಥ. ಕಾನ್‌ಸ್ಟಂಟೈನ್‌ನ ಕಾಲದ ನಾಣ್ಯದಲ್ಲಿ ಅದೇ ಮೂರು ಅಕ್ಷರಗಳು ಟ್ರಿಯರ್ ಟಂಕಸಾಲೆಯನ್ನು ಸೂಚಿಸುತ್ತವೆ. ಹೊಸಬರು ಮೊದಲು ಎಡವುವುದು ಇಲ್ಲಿಯೇ.

ಪ್ರಶ್ನೆ: ನೀವು ಎಂದಾದರೂ ಮೋಸಹೋಗಿದ್ದೀರಾ? ಅಸಲಿ ನಾಣ್ಯವನ್ನು ಕೊಳ್ಳುವುದು ಹೇಗೆ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಹೋಗಿದ್ದೇನೆ, ಅದೂ ಎರಡು ವರ್ಷದ ಅನುಭವವಿದ್ದಾಗ. ಪ್ರವಾಸಕ್ಕೆ ಹೋಗಿದ್ದ ಊರಿನ ಪಾಳುಗಳ ಬಳಿ ಒಬ್ಬನು, ತನ್ನ ಹೊಲದಲ್ಲಿ ಸಿಕ್ಕಿದ್ದೆಂದು ಹೇಳಿ, ಆನೆಯು ಸರ್ಪವನ್ನು ತುಳಿಯುತ್ತಿರುವ ಜೂಲಿಯಸ್ ಸೀಸರನ ಡಿನೇರಿಯಸ್ ತೋರಿಸಿದನು. ಕ್ರಿ.ಪೂ. 49ರ ಈ ನಾಣ್ಯವು ನನ್ನ ಬಹುದಿನದ ಆಸೆಯಾಗಿತ್ತು. ಆಸೆಯಿದ್ದಲ್ಲಿ ಕಣ್ಣಿಗೆ ಪೊರೆ ಬರುತ್ತದೆ. ಮನೆಗೆ ಬಂದು ಔಷಧ ತೂಗುವ ತಕ್ಕಡಿಯಲ್ಲಿಟ್ಟರೆ 2.9 ಗ್ರಾಂ, ಇರಬೇಕಾದದ್ದು 3.8ರ ಆಸುಪಾಸು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸುತ್ತಲೂ ಕೂದಲೆಳೆಯಂತಹ ಏಣು, ಆನೆಯ ಹೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಗುಳಿಗಳು. ಅದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದದ್ದು. ಏಣು ಎರಡು ಅಚ್ಚುಗಳು ಕೂಡಿದ ಜಾಗ, ಗುಳಿಗಳು ಗಾಳಿಗುಳ್ಳೆಗಳು. ಅದು ಅಸಲಿಯಾಗಿದ್ದರೂ ಕೊಳ್ಳಬಾರದಿತ್ತು ಎಂಬುದು ನನಗೆ ಆಮೇಲೆ ಹೊಳೆದ ವಿಚಾರ, ಏಕೆಂದರೆ ಆಗ ಅದು ಕದ್ದು ಅಗೆದ ಮಾಲಾಗುತ್ತಿತ್ತು.

ಎಲ್ಲ ನಕಲಿಗಳೂ ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬಾತ ತಾನೇ ಕೊರೆದ ಅಚ್ಚುಗಳಿಂದ ಪ್ರಾಚೀನ ನಾಣ್ಯಗಳನ್ನು ತಯಾರಿಸಿ, ಹಳೆಯದರಂತೆ ಸವೆಯಲೆಂದು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ತನ್ನ ಗಾಡಿಗೆ ಕಟ್ಟಿಕೊಂಡು ಸುತ್ತಾಡುತ್ತಿದ್ದನಂತೆ. ರೋಮನ್ನರ ಕಾಲದಲ್ಲಿಯೇ ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಹೊದಿಸಿ ವಂಚಿಸುವವರಿದ್ದರು. ಆ ಪ್ರಾಚೀನ ಖೋಟಾ ನಾಣ್ಯಗಳನ್ನೇ ಸಂಗ್ರಹಿಸುವವರು ಈಗ ಇದ್ದಾರೆ, ನನ್ನಲ್ಲಿಯೂ ಎರಡಿವೆ.

ಕೊಳ್ಳುವವರು ನಾಣ್ಯಕ್ಕಿಂತ ಮೊದಲು ಅದರ ಹಿಂದಿನ ದಾಖಲೆಯನ್ನು ನೋಡಬೇಕು. ದಾಖಲೆಯೂ ಸುಳ್ಳಾಗಿರಬಹುದೆಂಬುದನ್ನು ಮರೆಯಬಾರದು. ಸೀಸರನ ಹತ್ಯೆಯ ನೆನಪಿಗೆ ಬ್ರೂಟಸ್ ಹೊರಡಿಸಿದ, ಎರಡು ಕಠಾರಿಗಳ ನಡುವೆ ಬಿಡುಗಡೆಯಾದ ಗುಲಾಮನ ಟೋಪಿಯಿರುವ ಬಂಗಾರದ ನಾಣ್ಯವೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ 32 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು; ಅದರ ಪೂರ್ವಚರಿತ್ರೆಯ ಕಾಗದಪತ್ರಗಳು ಸೃಷ್ಟಿಸಿದವೆಂದು ಅನಂತರ ಬಯಲಾಗಿ, 2023ರಲ್ಲಿ ನಾಣ್ಯವನ್ನು ಗ್ರೀಸಿಗೆ ಹಿಂತಿರುಗಿಸಲಾಯಿತು. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯಿದೆಯ ಪ್ರಕಾರ, ಒಂದೇ ಕಡೆ 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿಬಂಗಾರದ ನಾಣ್ಯಗಳಾಗಲಿ ಹತ್ತು ಕಂಚಿನವಾಗಲಿ ದೊರೆತರೆ 14 ದಿನಗಳೊಳಗೆ ವರದಿ ಮಾಡಬೇಕು. ಸಾಮರ್ಸೆಟ್‌ನ ಫ್ರೋಮ್ ಬಳಿ 2010ರಲ್ಲಿ ಒಂದೇ ಮಡಕೆಯಲ್ಲಿ 52,503 ನಾಣ್ಯಗಳು ದೊರೆತಾಗ, ಲೋಹಶೋಧಕ ಹಿಡಿದು ಹೊಲದಲ್ಲಿದ್ದ ವ್ಯಕ್ತಿ ತಾನೇ ಎಲ್ಲವನ್ನೂ ಬಾಚಿಕೊಳ್ಳದೆ ತಜ್ಞರಿಗೆ ತಿಳಿಸಿದ್ದರಿಂದಲೇ ಅವನ್ನು ಪದರಪದರವಾಗಿ ಬಿಡಿಸಲು ಸಾಧ್ಯವಾಯಿತು. ಭಾರತಕ್ಕೆ ತರುವ ಯೋಚನೆಯಿರುವವರು ಇದನ್ನೂ ಅರಿತಿರಬೇಕು: ನಮ್ಮ 1972ರ ಕಾಯಿದೆಯು ನೂರು ವರ್ಷ ಮೀರಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕೊಂಡೊಯ್ಯಲು ಬಿಡುವುದಿಲ್ಲ, ಒಳಗೆ ಬಂದದ್ದನ್ನು ಮರಳಿ ಒಯ್ಯುವುದು ಸುಲಭವಲ್ಲ. ನನ್ನ ನಾಣ್ಯಗಳು ಲೆಸ್ಟರ್‌ನಲ್ಲಿಯೇ ಇವೆ.

ಪ್ರಶ್ನೆ: ಉಳುವಾಗ ನಮ್ಮ ಹೊಲದಲ್ಲಿ ಹಸಿರುಗಟ್ಟಿದ ನಾಣ್ಯವೊಂದು ಸಿಕ್ಕಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಅಕ್ಷರ ಕಾಣಬಹುದೇ? ಇದು ರೋಮಿನದೇ ಎಂದು ಹೇಗೆ ತಿಳಿಯುವುದು? (ಚಳ್ಳಕೆರೆ ತಾಲ್ಲೂಕಿನ ರೈತರೊಬ್ಬರು)

ಉತ್ತರ: ದಯವಿಟ್ಟು ಹುಣಸೆಹಣ್ಣು ಹಾಕಬೇಡಿ. ದೀಪದ ಕಂಬಕ್ಕೆ ಒಳ್ಳೆಯದಾದದ್ದು ನಾಣ್ಯಕ್ಕೆ ಮೃತ್ಯು. ಶತಮಾನಗಳಲ್ಲಿ ಕಟ್ಟಿದ ಆ ಹಸಿರು ಪದರದಲ್ಲಿಯೇ ಅಕ್ಷರಗಳ ಅಂಚು ಉಳಿದಿರುತ್ತದೆ. ಹುಳಿ ತಗುಲಿದರೆ ಪದರವೂ ಅಕ್ಷರವೂ ಒಟ್ಟಿಗೆ ಹೋಗಿ, ಹೊಳೆಯುವ ತಾಮ್ರದ ಚೂರು ಮಾತ್ರ ನಿಮ್ಮ ಕೈಯಲ್ಲಿ ಉಳಿಯುತ್ತದೆ. ನಾನು ಕೊಂಡ ಕಂಚಿನ ನಾಣ್ಯಗಳನ್ನೇ ಬಟ್ಟಿಯಿಳಿಸಿದ ನೀರಿನಲ್ಲಿ ವಾರಗಟ್ಟಲೆ ನೆನೆಸಿ, ಹಲ್ಲುಕಡ್ಡಿಯಿಂದ ಒಂದೊಂದು ಚೂರೇ ಮಣ್ಣು ಬಿಡಿಸುತ್ತೇನೆ, ಹಾಗಿದ್ದೂ ಕೆಲವನ್ನು ಕೆಡಿಸಿದ್ದೇನೆ. ನಿಮ್ಮದನ್ನು ನೀವು ಅಷ್ಟೂ ಮಾಡುವುದು ಬೇಡ. ಒಣಗಿದ ಕಾಗದದಲ್ಲಿ ಸುತ್ತಿಡಿ. ಹಸಿರು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ತಿಳಿಹಸಿರಿನ ಪುಡಿ ಉದುರುತ್ತಿದ್ದರೆ ಲೋಹ ಒಳಗಿನಿಂದ ತಿನ್ನಿಸಿಕೊಳ್ಳುತ್ತಿದೆಯೆಂದು ತಿಳಿಯಿರಿ, ತೇವ ತಾಗಿಸಬೇಡಿ.

ಅದು ರೋಮಿನದಾಗಿರುವ ಸಂಭವ ಕಡಿಮೆ. ನಮ್ಮ ಭಾಗದಲ್ಲಿ ಬಂದ ರೋಮನ್ ನಾಣ್ಯಗಳು ಬಹುಪಾಲು ಬೆಳ್ಳಿ, ಬಂಗಾರದವು. ಹಸಿರುಗಟ್ಟಿದ್ದೆಂದರೆ ತಾಮ್ರದ್ದಿರಬೇಕು, ಸಾತವಾಹನರಿಂದ ಹಿಡಿದು ಮೈಸೂರು ಅರಸರವರೆಗೆ ಯಾರದ್ದಾದರೂ ಆಗಬಹುದು. ಯಾರದ್ದೇ ಆಗಲಿ, ನಿಧಿ ನೆಲದಲ್ಲಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯಿದೆ ಹೇಳುತ್ತದೆ, ಆದ್ದರಿಂದ ತಾಲ್ಲೂಕು ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಕೊಡುವ ಮೊದಲು ಎರಡೂ ಬದಿಯ ಫೋಟೋವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಹೊಲದ ಸರ್ವೆ ನಂಬರು, ಸಿಕ್ಕ ದಿನ, ನೇಗಿಲು ಎಷ್ಟು ಆಳಕ್ಕೆ ಇಳಿದಿತ್ತು, ಅದರ ಸುತ್ತ ಮಡಕೆಯ ಚೂರು, ಇಟ್ಟಿಗೆ, ಬೂದಿ ಏನಾದರೂ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ನಾಣ್ಯದ ಜೊತೆಗೇ ಇಡಿ.